ಕಿವಿಯವರಿಗೆ ಚಕ್ಕರ್ ಉಸಾಬರಿ ಯಾಕ್ರೀ?

ಹುಬ್ಬಳ್ಳಿ-ಧಾರವಾಡದಲ್ಲಿ ಶಾಲೆಗೆ ಮಾತಾಡಲು ಹೋಗಲಿ, ಮದುವೆ ಊಟಕ್ಕೆ ಕೂರಲಿ, ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಮೇಡಮ್ಮರ, ನೀವು ಕಿವಿ ಬಗ್ಗೆ ಸಂಶೋಧನೆ ಮಾಡ್ತೀನಿ ಅಂತೀರಿ. ಮತ್ತ ಚಕ್ಕರ್ ಬರೋದರ ಉಸಾಬರಿ ನಿಮಗ ಯಾಕ್ರೀ?"

ಕೇಳುವುದರಲ್ಲಿ ತಪ್ಪಿಲ್ಲ. ಚಕ್ಕರ್ ಬಂದರೆ ನಮ್ಮ ಕಡೆ ಮೊದಲು ಪಿತ್ತ ಅಂತಾರೆ, ಆಮೇಲೆ ಬಿಪಿ ಅಂತಾರೆ. ಕಿವಿಯ ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಗದಗದ ನಮ್ಮ ಮನೆಯಲ್ಲೂ ಬಂದಿರಲಿಲ್ಲ. ಅಪ್ಪ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಗದ್ದಲದಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಐವತ್ತು ತುಂಬುವ ಹೊತ್ತಿಗೆ ಕಿವಿ ಮಂದವಾಗಿತ್ತು. "ಕೇಳಸ್ತದವಾ, ಆದ್ರ ತಿಳಿಯಂಗಿಲ್ಲ" ಅನ್ನುತ್ತಿದ್ದ. ಒಮ್ಮೆ ಅವ್ವ, ಪ್ಯಾಟಿಯಿಂದ ತಪ್ಪಲ (ಸೊಪ್ಪು) ತಗೊಂಡು ಬರ್ರಿ ಅಂದದ್ದು ಅವನಿಗೆ ಚಪ್ಪಲ ಅಂತ ಕೇಳಿಸಿತು. ನಾವೆಲ್ಲ ನಕ್ಕೆವು. ಅವತ್ತು ಅಪ್ಪ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಆ ನಗುವಿಗೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಅದೇ ಮನೆಯಲ್ಲಿ ದೊಡ್ಡವ್ವ ಇದ್ದಳು. ಹಾಸಿಗೆಯಲ್ಲಿ ಎಡಕ್ಕೆ ಹೊರಳಿದರೆ ಸಾಕು, ಅವಳಿಗೆ ಮನೆಯೆಲ್ಲ ಗರಗರ ತಿರುಗುತ್ತಿತ್ತು. ಮಂಚದ ಅಂಚು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ನಿಮಿಷದೊಳಗೆ ನಿಂತುಬಿಡುತ್ತಿತ್ತು. ಪಿತ್ತ ಅಂತ ಲಿಂಬೆಹಣ್ಣಿನ ಪಾನಕ, ಶುಂಠಿ ಎಲ್ಲಾ ಆಯಿತು. ಕಡೆಗೆ ಹೊರಳುವ ಹೆದರಿಕೆಗೆ ಎಷ್ಟೋ ತಿಂಗಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು.

ಒಬ್ಬನದು ಕಿವಿ, ಒಬ್ಬಳದು ಪಿತ್ತ ಅಂತ ನಾನೂ ನಂಬಿದ್ದೆ. ಧಾರವಾಡಕ್ಕೆ ಓದಲು ಬಂದ ಮೇಲೆ ಒಳಕಿವಿಯ ಚಿತ್ರ ನೋಡಿದೆ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳ, ಅದು ಕೇಳುವುದಕ್ಕೆ. ಅದಕ್ಕೇ ಅಂಟಿಕೊಂಡು ಮೂರು ಅರೆವೃತ್ತದ ಕೊಳವೆಗಳು, ಎರಡು ಪುಟ್ಟ ಚೀಲಗಳು, ಅವು ತೋಲಕ್ಕೆ, ಅಂದರೆ ಬೀಳದಂತೆ ಸಮತೋಲ ಹಿಡಿಯುವುದಕ್ಕೆ. ಎಲ್ಲಾ ಕಡೆ ಕೆಲಸ ಮಾಡುವುದು ಒಂದೇ ಜಾತಿಯ ಕೋಶ. ಅದರ ಹೆಸರು ಕೂದಲುಕೋಶ.

ನನ್ನ ಉತ್ತರ ಇಷ್ಟೇ: ಕೇಳುವುದೂ ಬೀಳದೆ ನಿಲ್ಲುವುದೂ ಒಂದೇ ಜಾತಿಯ ಕೋಶದ ಕೆಲಸ.

ಆ ಕೋಶದ ತಲೆಯ ಮೇಲೆ ಸಣ್ಣ ಎಳೆಗಳು ಮೆಟ್ಟಿಲಿನಂತೆ ನಿಂತಿರುತ್ತವೆ, ಗಿಡ್ಡದು, ಅದಕ್ಕಿಂತ ಎತ್ತರದ್ದು, ಇನ್ನೂ ಎತ್ತರದ್ದು. ಗಿಡ್ಡ ಎಳೆಯ ತುದಿಯಿಂದ ಪಕ್ಕದ ಎತ್ತರದ ಎಳೆಗೆ ಒಂದು ನವಿರಾದ ದಾರ. ಎತ್ತರದ ಕಡೆಗೆ ಎಳೆಗಳು ಬಾಗಿದರೆ ದಾರ ಬಿಗಿಯುತ್ತದೆ, ಒಂದು ಬಾಗಿಲು ತೆರೆಯುತ್ತದೆ, ಪೊಟ್ಯಾಸಿಯಂ ಒಳಗೆ ನುಗ್ಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಬಸವನಹುಳುವಿನಂಥ ನಾಳದಲ್ಲಿ ಆ ಎಳೆಗಳನ್ನು ಬಾಗಿಸುವುದು ಸದ್ದು. ಕೊಳವೆಗಳಲ್ಲಿ ಬಾಗಿಸುವುದು ತಲೆಯ ತಿರುಗಾಟ.

ತಿರುಗಾಟ ಹೇಗೆ ಬಾಗಿಸುತ್ತದೆ ಅಂತ ನೋಡಬೇಕೆಂದರೆ ಒಂದು ತಂಬಿಗೆ ನೀರಿನಲ್ಲಿ ತುಳಸಿ ಎಲೆ ತೇಲಿಬಿಡಿ. ತಂಬಿಗೆಯನ್ನು ಗಕ್ಕನೆ ತಿರುಗಿಸಿ. ತಂಬಿಗೆ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ, ಯಾಕೆಂದರೆ ನೀರು ಹಿಂದೆ ಬಿದ್ದಿರುತ್ತದೆ. ಕಿವಿಯ ಕೊಳವೆಯಲ್ಲೂ ನೀರು ಹೀಗೇ ಹಿಂದೆ ಬೀಳುತ್ತದೆ, ಎಳೆ ಬಾಗುತ್ತದೆ.

ಚೀಲಗಳಲ್ಲಿ ಎಳೆಗಳ ಮೇಲೆ ಸುಣ್ಣದ ಹರಳುಗಳು ಕೂತಿರುತ್ತವೆ. ತಲೆ ಯಾವ ಕಡೆ ವಾಲಿದೆ ಅಂತ ಅವುಗಳ ಭಾರ ಹೇಳುತ್ತದೆ. ದೊಡ್ಡವ್ವನಿಗೆ ಆಗಿದ್ದು ಇಲ್ಲೇ ಅಂತ ಈಗ ನನಗೆ ಅನಿಸುತ್ತದೆ. ಕೆಲವು ಹರಳು ಕಳಚಿ ಪಕ್ಕದ ಕೊಳವೆಗೆ ಜಾರಿದರೆ, ಹೊರಳಿದಾಗೆಲ್ಲ ಅವು ನೀರನ್ನು ಎಳೆಯುತ್ತವೆ, ತಿರುಗದಿದ್ದರೂ ತಿರುಗಿದಂತಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಗುಳಿಗೆಯೂ ಬೇಡ, ಆಪರೇಷನ್ನೂ ಬೇಡ. ರೋಗಿಯನ್ನು ಮಲಗಿಸಿ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿದರೆ ಹರಳು ಕೊಳವೆಯಿಂದ ಆಚೆ ಬರುತ್ತವೆ. ಜಾನ್ ಎಪ್ಲೆ ಎಂಬ ಅಮೆರಿಕದ ವೈದ್ಯರು ಈ ಉಪಾಯವನ್ನು 1992ರಲ್ಲಿ ಪ್ರಕಟಿಸಿದರು. ನಮ್ಮ ದೊಡ್ಡವ್ವನಿಗೆ ಅದು ಸಿಗಲಿಲ್ಲ.

ಕೇಳುವುದೂ ತೋಲವೂ ಒಂದೇ ಜಾತಿಯ ಕೋಶದ ಕೆಲಸ ಅನ್ನುವುದಕ್ಕೆ ಔಷಧಿಗಳೇ ಸಾಕ್ಷಿ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ತೋಲದ ಕೂದಲುಕೋಶಗಳನ್ನು ಜಾಸ್ತಿ ಕೊಲ್ಲುತ್ತದೆ. ಅದೇ ಬಳಗದ ಅಮಿಕಾಸಿನ್ ಕೇಳುವ ಕೋಶಗಳನ್ನು ಜಾಸ್ತಿ ಕೊಲ್ಲುತ್ತದೆ. ಅದಕ್ಕೇ ಚಕ್ಕರ್ ಅಂತ ಹೇಳಿದವರಿಗೆ ಕಿವಿ ಹೇಗೆ ಕೇಳಿಸುತ್ತದೆ ಅಂತಲೂ, ಕಿವಿ ಕೇಳದು ಅಂದವರಿಗೆ ಕತ್ತಲಲ್ಲಿ ನಡೆಯಲು ಆಗುತ್ತದಾ ಅಂತಲೂ ನಾನು ಕೇಳುತ್ತೇನೆ.

ಒಂದು ಕಿವಿಯಲ್ಲಿ ಕೇಳುವ ಕೂದಲುಕೋಶಗಳು ಸುಮಾರು 15 ಸಾವಿರ ಮಾತ್ರ. ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 10 ಕೋಟಿ. ಇಷ್ಟು ಕಡಿಮೆ ಇಟ್ಟುಕೊಂಡು ಹುಟ್ಟುತ್ತೇವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಗದ್ದಲಕ್ಕೆ ಮೊದಲು ಹೋಗುವುದು ಸಣ್ಣ, ಚೂಪು ಸ್ವರ ಹಿಡಿಯುವ ಕೋಶಗಳು. ತಪ್ಪಲ, ಚಪ್ಪಲಗಳ ಫರಕು ಇರುವುದು ಆ ಸ್ವರಗಳಲ್ಲೇ. ಅಪ್ಪ ಹೇಳಿದ್ದು ಪೂರಾ ನಿಜ, ಕೇಳಿಸುತ್ತಿತ್ತು, ತಿಳಿಯುತ್ತಿರಲಿಲ್ಲ.

ಆದರೆ ಕೋಳಿಗೆ ಮತ್ತೆ ಹುಟ್ಟುತ್ತವೆ! 1988ರಲ್ಲಿ ಎರಡು ಬೇರೆ ಬೇರೆ ತಂಡಗಳು ಹಕ್ಕಿಗಳಲ್ಲಿ ಇದನ್ನು ತೋರಿಸಿದವು. ಕೂದಲುಕೋಶ ಸತ್ತರೆ ಅದಕ್ಕೆ ಆಸರೆಯಾಗಿ ನಿಂತ ಪಕ್ಕದ ಕೋಶವೇ ಹೊಸ ಕೂದಲುಕೋಶಕ್ಕೆ ದಾರಿ ಮಾಡುತ್ತದೆ. ಪಕ್ಕದ ಕೋಶಕ್ಕೆ "ಎದ್ದೇಳು" ಅಂತ ಹೇಳುವವರು ಯಾರು? ನನ್ನ ಇಷ್ಟು ವರ್ಷದ ಕೆಲಸ ಈ ಒಂದು ಪ್ರಶ್ನೆಯ ಹಿಂದೆಯೇ ಹೋಗಿದೆ. ಅಂಗಡಿಯ ತತ್ತಿ ಇದಕ್ಕೆ ನಡೆಯುವುದಿಲ್ಲ, ಹ್ಯಾಚರಿಯಿಂದ ಮರಿಯಾಗುವ ತತ್ತಿ ತರಿಸಬೇಕು, 21 ದಿನ ಕಾವಿಗೆ ಇಡಬೇಕು.

ಆಮೇಲೆ ಮರಿಯ ಒಳಕಿವಿಯ ಒಂದು ಚೂರು ಸೂಕ್ಷ್ಮದರ್ಶಕದ ಕೆಳಗೆ. ಸತ್ತ ಕೋಶಗಳ ಜಾಗದಲ್ಲಿ ಸಣ್ಣ ಎಳೆಗಳ ಹೊಸ ಕಟ್ಟು ತಲೆ ಎತ್ತಿರುತ್ತದೆ. ಮೊದಮೊದಲು ಅದರ ಮುಖ ಎತ್ತಲೋ ಇರುತ್ತದೆ. ದಿನ ಕಳೆದಂತೆ ಮೆಲ್ಲಗೆ ತಿರುಗಿ, ಪಕ್ಕದವುಗಳ ಸಾಲಿಗೆ ಸೇರಿಕೊಳ್ಳುತ್ತದೆ.