ಚೆಂಡು ಹೆಕ್ಕುವ ಹುಡುಗಿ

ಬದಿಯಡ್ಕ (ಕಾಸರಗೋಡು, ಕೇರಳ), 2023 ನವೆಂಬರ್ 18, ಶನಿವಾರ ರಾತ್ರಿ

ನಿನ್ನೆ ಮಗಳ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಹೆತ್ತವರ ಮೀಟಿಂಗ್ ಇತ್ತು. ಬಸ್ಸು ಬೇಗ ಸಿಕ್ಕಿದ್ದರಿಂದ ಅರ್ಧ ಗಂಟೆ ಮೊದಲೇ ತಲುಪಿ ಜಗಲಿಯಲ್ಲಿ ಕುಳಿತೆ. ಊಟ ಮುಗಿಸಿದ ಹುಡುಗಿಯರು ಅಂಗಳದಲ್ಲಿ ಲಗೋರಿ ಆಡುತ್ತಿದ್ದರು. ಮುರಕಲ್ಲಿನ ಏಳು ಚೂರು, ಒಂದು ರಬ್ಬರ್ ಚೆಂಡು. ನಾವು ಆಡಿದ್ದೂ ಅಷ್ಟರಲ್ಲೇ.

ಒಬ್ಬಳು ಎಲ್ಲರಿಗಿಂತ ಹೆಚ್ಚು ಓಡುತ್ತಿದ್ದಳು. ಚೆಂಡು ಬಾವಿಕಟ್ಟೆಯ ಹಿಂದೆ ಹೋದರೂ ಅವಳೇ, ತೋಡಿಗೆ ಬಿದ್ದರೂ ಅವಳೇ. ಎಷ್ಟು ಚುರುಕು ಎಂದುಕೊಂಡೆ. ಹತ್ತು ನಿಮಿಷ ನೋಡಿದ ಮೇಲೆ ವಿಷಯ ತಿಳಿಯಿತು. ಅವಳು ಚೆಂಡನ್ನು ತಂದು ಕೊಡುತ್ತಾಳೆ, ಗೆರೆಯ ಹೊರಗೆ ಹೋಗಿ ನಿಲ್ಲುತ್ತಾಳೆ. ಕಲ್ಲಿಗೆ ಎಸೆಯುವ ಸರದಿ ಅವಳಿಗೆ ಬರುವುದೇ ಇಲ್ಲ. ಒಮ್ಮೆ ಕೇಳಿದಳು, "ಈಗ ನಂದು ಐತಲ್ಲ?" ಮೂರು ನಾಲ್ಕು ಮಂದಿ "ಐತಿ, ಐತಿ" ಎಂದು ರಾಗ ಎಳೆದರು. ಆಮೇಲೆ ಒಬ್ಬಳು ಮೆಲ್ಲಗೆ ತುಳುವಿನಲ್ಲಿ ಹೇಳಿದಳು, "ಆಳೆಡ ಪಾತೆರೊಡ್ಚಿ." ಅವಳ ಹತ್ತಿರ ಮಾತಾಡುವುದು ಬೇಡ, ಅಂತ. ಹಾಗೆ ಹೇಳಿದವಳು ನನ್ನ ಮಗಳು.

ಆ ಹುಡುಗಿ ಜೂನ್‌ನಲ್ಲಿ ಸೇರಿದವಳು. ಊರು ಬಾಗಲಕೋಟೆಯ ಕಡೆ, ಅಪ್ಪ ಇಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದಾರೆ. ಮನೆಮಾತು ಕನ್ನಡವೇ. ನಮ್ಮ ಮಕ್ಕಳಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಮಾತು: ತುಳು, ಮಲಯಾಳ, ಹವ್ಯಕ, ಮರಾಠಿ, ಕೊಂಕಣಿ, ಬ್ಯಾರಿ. ಪುಸ್ತಕದ ಕನ್ನಡ ಎಲ್ಲರಿಗೂ ಶಾಲೆಯದ್ದು. ಹುಟ್ಟಿನಿಂದ ಕನ್ನಡವನ್ನೇ ಆಡಿಕೊಂಡು ಬಂದ ಮಗುವನ್ನು ಕನ್ನಡ ಶಾಲೆಯ ಅಂಗಳದಲ್ಲಿ ಅವಳ ಕನ್ನಡಕ್ಕೇ ನಗುತ್ತಿದ್ದಾರೆ. ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು.

ಮೀಟಿಂಗಿನಲ್ಲಿ ಟೀಚರ್, ಈ ಕ್ಲಾಸಿನಲ್ಲಿ ಜಗಳವೇ ಇಲ್ಲ ಎಂದರು. ಅವರದ್ದೂ ಸುಳ್ಳಲ್ಲ. ದೂರದಿಂದ ನೋಡಿದರೆ ಆ ಹುಡುಗಿ ಆಡುತ್ತಲೇ ಇದ್ದಾಳೆ.

ರಾತ್ರಿ ತಲೆ ಬಾಚುವಾಗ ಮಗಳನ್ನು ಕೇಳಿದೆ. ಗದರಿಸಲಿಲ್ಲ.

"ನಾನು ಹೊಡೀಲಿಲ್ಲ ಅಮ್ಮ. ಬೈಲೂ ಇಲ್ಲ. ಅವಳನ್ನು ಸೇರಿಸಿಕೊಂಡಿದ್ದೇವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಕೇಳುತ್ತಾ ಹೋದಂತೆ ಒಂದೊಂದೇ ಹೊರಬಂತು. ಸೋಮವಾರ ಕೆಂಪು ರಿಬ್ಬನ್ ಇದ್ದವರಿಗೆ ಮಾತ್ರ ಆಟ. ಆ ಹುಡುಗಿ ಮರುದಿನ ಹೇಗೋ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದಳು. ಅಂದು, ತುಳುವಿನಲ್ಲಿ ಎಣಿಸಲು ಬರುವವರಿಗೆ ಮಾತ್ರ ಆಟ. ಅವಳ ಜೊತೆ ಕೂತು ಊಟ ಮಾಡಿದವಳ ಹತ್ತಿರ ಎಲ್ಲರೂ ಚಾಳಿ ಟೂ. ಇಷ್ಟನ್ನೂ ಒಂಬತ್ತು ವರ್ಷದ ನನ್ನ ಮಗು ಕುಳಿತು ಯೋಚಿಸಿದ್ದಾಳೆ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಮಾತು ನಮ್ಮ ಕಾಲದಲ್ಲಿ ಪ್ರೀತಿಯದ್ದಾಗಿತ್ತು. ತಮ್ಮನಿಗೆ ಆಗ ನಾಲ್ಕು ವರ್ಷ. ಅವನನ್ನು ಬಿಟ್ಟು ಆಡುವ ಹಾಗಿರಲಿಲ್ಲ, ಅವನು ಔಟಾದರೆ ಅಳುತ್ತಿದ್ದ. ಅದಕ್ಕೇ ಅವನನ್ನು ಲೆಕ್ಕದಿಂದ ತೆಗೆದಿದ್ದೆವು. ಆದರೆ ಎಸೆಯುವುದಕ್ಕೆ ಎಲ್ಲರಿಗಿಂತ ಮೊದಲು ಚೆಂಡು ಸಿಗುತ್ತಿದ್ದದ್ದು ಅವನಿಗೇ. ಅದೇ ಮಾತನ್ನು ಮಗಳು ಬೇರೆಯದಕ್ಕೆ ತಿರುಗಿಸಿದ್ದಾಳೆ. ಹೊರಗೆ ಹಾಕಿದರೆ ಟೀಚರಿಗೆ ಹೇಳಬಹುದು. ಒಳಗೇ ಇಟ್ಟುಕೊಂಡು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಹುಡುಗಿ ಯಾರಲ್ಲಿ ಏನೆಂದು ದೂರು ಹೇಳಬೇಕು?

ಇದೂ ಹೊಡೆತವೇ ಎಂದು ಅಮೆರಿಕದ ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರೋಟ್‌ಪೀಟರ್ 1995ರಲ್ಲಿ ಶಾಲಾಮಕ್ಕಳ ಬಗ್ಗೆ ಬರೆದರು. ಗೆಳೆತನವನ್ನೇ ಆಯುಧ ಮಾಡಿಕೊಂಡು ನೋಯಿಸುವುದು: ಸೇರಿಸದಿರುವುದು, ಹೇಳಿದ ಹಾಗೆ ಕೇಳದಿದ್ದರೆ ಗೆಳೆತನ ಬಿಡುತ್ತೇನೆ ಎನ್ನುವುದು, ಹಿಂದಿನಿಂದ ಮಾತು ಹಬ್ಬಿಸುವುದು. ಮಗಳು ಹೇಳಿದ್ದೆಲ್ಲ ಅದರೊಳಗೆ ಇತ್ತು.

ಇನ್ನೊಂದು ನಿದ್ದೆ ಕೆಡಿಸಿತು. ಕಿಪ್ಲಿಂಗ್ ವಿಲಿಯಮ್ಸ್ ಎನ್ನುವ ಮನಃಶಾಸ್ತ್ರಜ್ಞ ಒಮ್ಮೆ ನಾಯಿಯ ಜೊತೆ ಪಾರ್ಕಿನಲ್ಲಿದ್ದಾಗ ಇಬ್ಬರು ಅಪರಿಚಿತರು ಆಡುತ್ತಿದ್ದ ಫ್ರಿಸ್ಬಿ ತಟ್ಟೆ ಬಂದು ತಗಲಿತಂತೆ. ಇವರು ತಿರುಗಿ ಎಸೆದರು. ಅವರು ಇವರಿಗೂ ಎಸೆದರು. ಸ್ವಲ್ಪ ಹೊತ್ತು ಮೂವರ ಆಟ. ಆಮೇಲೆ ಏನೂ ಹೇಳದೆ ಅವರಿಬ್ಬರು ತಮ್ಮೊಳಗೇ ಆಡತೊಡಗಿದರು. ಯಾರೋ ಎತ್ತಲೋ, ಅವರಿಂದ ಇವರಿಗೆ ಆಗಬೇಕಾದ್ದು ಏನೂ ಇಲ್ಲ. ಆದರೂ ಅಷ್ಟಕ್ಕೇ ತನಗೆ ಎಷ್ಟು ನೋವಾಯಿತೆಂದು ನೋಡಿ, ಅವರು ಅದನ್ನೇ ಪ್ರಯೋಗ ಮಾಡಿದರು. 2000ದಲ್ಲಿ ಕಂಪ್ಯೂಟರಿನ ಮೇಲೆ ಆಡಿಸುವ ರೂಪವೂ ಬಂತು, ಸೈಬರ್‌ಬಾಲ್ ಅಂತ. ಕೆಲವು ಸಲ ಎಸೆದು ಆಮೇಲೆ ಚೆಂಡು ಕೊಡುವುದನ್ನು ನಿಲ್ಲಿಸುತ್ತಾರೆ, ಅಷ್ಟೇ. ಎದುರಿಗಿರುವುದು ಮನುಷ್ಯರಲ್ಲ, ಬರೀ ಯಂತ್ರ ಎಂದು ಮೊದಲೇ ಹೇಳಿದರೂ ಜನಕ್ಕೆ ನೋವಾಯಿತು ಎಂದು 2004ರಲ್ಲಿ ಪ್ರಕಟಿಸಿದರು. ದೊಡ್ಡವರಿಗೆ, ನಿಮಿಷಗಳ ಆಟದಲ್ಲಿ, ಯಂತ್ರದಿಂದ. ಈ ಹುಡುಗಿಗೆ ಜೂನ್‌ನಿಂದ, ದಿನಾ, ಹೆಸರು ಗೊತ್ತಿರುವ ಮಕ್ಕಳಿಂದ.

ಇವತ್ತು ಬೆಳಿಗ್ಗೆ ದೋಸೆ ಹಾಕುತ್ತಾ ಮಗಳಿಗೆ ಹೇಳಿದೆ, "ಅವಳಿಗೆ ತಿಳಿಯಬಾರದೆಂದು ತುಳು ಮಾತಾಡುವುದು ಸರಿಯಲ್ಲ ಮಗಾ."

ಅವಳು ವಾದಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು: "ಪಾಗಾರದ ಕೆಲಸದವರು ಇರುವಾಗ ನೀನೂ ಅಜ್ಜಿಯೂ ತುಳು ಮಾತಾಡುವುದಿಲ್ಲವಾ?"

ಮಾತಾಡುತ್ತೇವೆ. ದೀಪಾವಳಿಗೆ ಮೊದಲು ನಮ್ಮಲ್ಲಿ ಪಾಗಾರ ಕಟ್ಟಲು ಬಂದವರೂ ಆ ಬಾಗಲಕೋಟೆ ಕಡೆಯವರೇ. ಅವರ ಸಂಬಳ, ಅವರ ನಿಧಾನ, ಅವರು ಎಷ್ಟು ಸಲ ನೀರು ಕೇಳಿದರು ಎನ್ನುವುದು, ಎಲ್ಲವನ್ನೂ ಅವರ ಎದುರೇ ನಿಂತು ತುಳುವಿನಲ್ಲಿ ಆಡಿದ್ದೇವೆ. ಅವರು ತಲೆ ತಗ್ಗಿಸಿ ಕಲ್ಲು ಇಡುತ್ತಿದ್ದರು. ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ತನ್ನ ಬಗ್ಗೆಯೇ ಮಾತು ಎಂದು ಅರ್ಥವಾಗಲು ಭಾಷೆ ಬೇಕಾ? ನನಗೆ ಬೇಕಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಆಫೀಸಿಗೆ ಕನ್ನಡದಲ್ಲಿ ಬರೆದ ಅರ್ಜಿ ಹಿಡಿದು ಹೋಗಿದ್ದೆ. ನನಗಿನ್ನೂ ಮಲಯಾಳ ಸರಿ ಬರುತ್ತಿರಲಿಲ್ಲ. ಕೌಂಟರಿನ ಒಳಗಿದ್ದ ಇಬ್ಬರು ನನ್ನ ಕಾಗದ ನೋಡಿ ತಮ್ಮೊಳಗೆ ಏನೋ ಹೇಳಿಕೊಂಡು ನಕ್ಕರು. ಆ ನಗು ಇವತ್ತಿಗೂ ನೆನಪಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿನ ಕನ್ನಡದವರಾದ ನಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಮೊನ್ನೆ ಊಟದ ಹೊತ್ತಿಗೆ ದೊಡ್ಡದಾಗಿ ಹೇಳಿದವಳೂ ನಾನೇ. ಮಗಳು ಪಕ್ಕದಲ್ಲೇ ಇದ್ದಳು.

"ಹೌದು, ನಾವೂ ತಪ್ಪು ಮಾಡಿದ್ದೇವೆ" ಎಂದೆ. ಅವಳು ದೋಸೆ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಮಧ್ಯಾಹ್ನ ಟೀಚರಿಗೆ ಫೋನು ಮಾಡಿ ನನ್ನ ಮಗಳೇ ಎಂದು ಮೊದಲು ಹೇಳಿದೆ. ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಬೇಡಿ, ಹಾಗೆ ಮಾಡಿದರೆ ಬುಧವಾರದೊಳಗೆ ಅದರ ಸಿಟ್ಟೂ ಆ ಹುಡುಗಿಯ ಮೇಲೆಯೇ ತಿರುಗುತ್ತದೆ ಎಂದೆ. ಪಂಗಡ ಮಾಡುವುದನ್ನು ಮಕ್ಕಳ ಕೈಗೆ ಬಿಡದೆ ಚೀಟಿ ಎತ್ತಿಸಲಿ, ಚೆಂಡು ಹೆಕ್ಕುವುದಕ್ಕೂ ಸರದಿ ಇರಲಿ ಎಂದು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ದಿನಾ ಓಡುವುದನ್ನು ನಾನೂ ನೋಡಿದ್ದೇನೆ" ಎಂದರು. ಸೋಮವಾರದಿಂದ ಚೀಟಿ.

ಮಗಳಿಗೆ ಭಯ ಇದೆ. ಸಂಜೆ ಕೇಳಿದಳು, "ನಾನು ಅವಳನ್ನು ಸೇರಿಸಿದರೆ ಉಳಿದವರು ನನ್ನ ಹತ್ರ ಟೂ ಬಿಟ್ಟರೆ?" ಬಿಡಬಹುದು ಮಗಾ, ಎಂದೆ. ಬೇರೆ ಏನು ಹೇಳಲಿ, ಆ ಆಟವನ್ನು ಅವರಿಗೆ ಕಲಿಸಿದವಳು ಅವಳೇ. ಬಿಟ್ಟರೆ ಆ ದಿನ ನೀವಿಬ್ಬರೂ ಒಟ್ಟಿಗೆ ಊಟಕ್ಕೆ ಕೂತುಕೊಳ್ಳಿ ಎಂದೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಸೋಮವಾರ ಪಾಗಾರದ ಉಳಿದ ಕೆಲಸಕ್ಕೆ ಅವರೂ ಬರುತ್ತಾರೆ. ಅತ್ತೆಯ ಹತ್ತಿರ ಇನ್ನೂ ಮಾತಾಡಿಲ್ಲ. ನಾಳೆ ಕಾಫಿಯ ಹೊತ್ತಿಗೆ ಹೇಳಬೇಕು.