ಬ್ಯಾಕ್ಟೀರಿಯಾ ಹಾಕದ ಬಾಟಲಿ

ಮೂಲಿಕೆಗಳ ಸಾರವನ್ನು ಕರುಳಿನ ಬ್ಯಾಕ್ಟೀರಿಯಾ ಏನು ಮಾಡುತ್ತವೆಂದು ಲ್ಯಾಬಿನಲ್ಲಿ ನೋಡುವವರಿಗೆ ಈ ಮಾತು. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಅನ್ನು ಕರುಳಿನ ಬ್ಯಾಕ್ಟೀರಿಯಾ ಜೊತೆ 37 ಡಿಗ್ರಿಯಲ್ಲಿಟ್ಟು ಆರು ಗಂಟೆ ಬಿಟ್ಟು ಅಳೆದರೆ ಬಹುಪಾಲು ಕಾಣೆಯಾಗಿರುತ್ತದೆ. ಲ್ಯಾಬಿಗೆ ಹೊಸದಾಗಿ ಬಂದವರು "ಬ್ಯಾಕ್ಟೀರಿಯಾ ತಿಂದವು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡುತ್ತಾರೆ. ಆದರೆ ಪಿಎಚ್ 7.2ರ ಬರೀ ಫಾಸ್ಫೇಟ್ ಬಫರಿನಲ್ಲೂ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಅದು ಅರ್ಧ ಗಂಟೆಯಲ್ಲಿ ಸುಮಾರು ಶೇ. 90ರಷ್ಟು ತಾನಾಗಿಯೇ ಒಡೆಯುತ್ತದೆ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ ಅದನ್ನು ಟೆಟ್ರಾಹೈಡ್ರೋಕರ್ಕ್ಯುಮಿನ್ ಆಗಿ ಬದಲಿಸುವುದೂ ನಿಜ. ಹಾಗಾಗಿ ಕಳೆದುಹೋದದ್ದನ್ನಲ್ಲ, ಹೊಸದಾಗಿ ಹುಟ್ಟಿದ್ದನ್ನು ಅಳೆಯಬೇಕು.

ಪ್ರತಿ ಸಾರಕ್ಕೂ ಕಡಿಮೆಯೆಂದರೆ ಮೂರು ಬಾಟಲಿ ಇಡಿ: ಜೀವಂತ ಬ್ಯಾಕ್ಟೀರಿಯಾ ಇರುವುದು, ಬ್ಯಾಕ್ಟೀರಿಯಾ ಹಾಕದ್ದು, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ ಕೊಂದ ಬ್ಯಾಕ್ಟೀರಿಯಾ ಇರುವುದು. ಮೂರನೆಯದು ದಂಡವೆಂದು ಬಿಡುವವರೇ ಹೆಚ್ಚು. ಮರದರಿಶಿನದಲ್ಲಿರುವ ಹಳದಿ ರಾಸಾಯನಿಕ ಬರ್ಬೆರಿನ್ ಸತ್ತ ಕೋಶಕ್ಕೂ ಅಂಟಿಕೊಳ್ಳುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನಷ್ಟೇ ಅಳೆದರೆ ಅದು ಖರ್ಚಾದಂತೆ ಕಾಣುತ್ತದೆ. ಕೆಳಗಿನ ಗಸಿಯನ್ನೂ ಮೆಥನಾಲಿನಲ್ಲಿ ತೊಳೆದು ಲೆಕ್ಕಕ್ಕೆ ಸೇರಿಸಿ.

ಮಲದ ಮಾದರಿ ಕೊಡುವವರು ಹಿಂದಿನ ಮೂರು ತಿಂಗಳು ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಕರುಳಿನ ಬ್ಯಾಕ್ಟೀರಿಯಾ ಬಹುಪಾಲು ಆಕ್ಸಿಜನ್ ಇಲ್ಲದೆಡೆ ಬದುಕುವಂಥವು. ಹಾಗಾಗಿ ಮೀಡಿಯಾವನ್ನು (ಅವನ್ನು ಬೆಳೆಸುವ ಪೋಷಕ ದ್ರವ) ಕುದಿಸಿ, ನೈಟ್ರೋಜನ್ ಹಾಯಿಸುತ್ತಾ ಆರಿಸಿ, ಲೀಟರಿಗೆ ಉಳಿದ ಆಕ್ಸಿಜನ್ ತೆಗೆಯಲು ಅರ್ಧ ಗ್ರಾಂ ಸಿಸ್ಟೀನ್, ಬಣ್ಣದಿಂದ ಅದನ್ನು ತೋರಿಸಲು 1 ಮಿಲಿಗ್ರಾಂ ರೆಸಝುರಿನ್ ಹಾಕಿ. ಆಕ್ಸಿಜನ್ ಹೋದರೆ ಗುಲಾಬಿ ಬಣ್ಣ ಹೋಗುತ್ತದೆ. (ಅರಿಶಿನ, ಬರ್ಬೆರಿನ್ ಬಾಟಲಿಗಳಲ್ಲಿ ಹಳದಿಯ ನಡುವೆ ಗುಲಾಬಿ ಗೊತ್ತೇ ಆಗುವುದಿಲ್ಲ, ಸಾರ ಹಾಕದ ಒಂದು ಬಾಟಲಿ ಪಕ್ಕದಲ್ಲಿರಲಿ.) 10 ಗ್ರಾಂ ಮಲವನ್ನು ಆಕ್ಸಿಜನ್ ತೆಗೆದ ಬಫರಿನಲ್ಲಿ ಕಲಸಿ 100 ಮಿಲಿಲೀಟರ್ ಮಾಡಿ, ನಾಲ್ಕು ಮಡಿಕೆ ಮಲ್‌ಬಟ್ಟೆಯಲ್ಲಿ ಸೋಸಿ, ಬಾಟಲಿಯೊಳಗೆ ಮಲದ ಪ್ರಮಾಣವನ್ನು ಶೇ. 1ಕ್ಕೆ ಇಳಿಸಿ. ಸಾರ ಮಿಲಿಲೀಟರಿಗೆ 1 ಮಿಲಿಗ್ರಾಂನಿಂದ ಶುರುಮಾಡಬಹುದು. ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ. 0.5 ದಾಟದಿರಲಿ, ಅಷ್ಟೇ ಡಿಎಂಎಸ್‌ಒ ಇರುವ, ಸಾರವಿಲ್ಲದ ಬಾಟಲಿಯೂ ಬೇಕು. ಬರ್ಬೆರಿನ್ ಸ್ವತಃ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು, ಅದರ ಪ್ರಮಾಣ ಇನ್ನೂ ಇಳಿಸಬೇಕಾದೀತು.

ಹೆಚ್ಚು ಕೆಲಸ ಕೆಡುವುದು ಮುಚ್ಚಳ ತೆಗೆಯುವಾಗ. ಬರ್ಬೆರಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬ್ಯಾಕ್ಟೀರಿಯಾಗಳ ನೈಟ್ರೋರಿಡಕ್ಟೇಸ್ ಎಂಬ ಕಿಣ್ವ ಅದನ್ನು ಸುಲಭವಾಗಿ ಹೀರಿಕೆಯಾಗುವ ಡೈಹೈಡ್ರೋಬರ್ಬೆರಿನ್ ಮಾಡುತ್ತದೆ, ಕರುಳಿನ ಗೋಡೆಯಲ್ಲಿ ಅದು ಮತ್ತೆ ಬರ್ಬೆರಿನ್ ಆಗುತ್ತದೆ. 2015ರಲ್ಲಿ ಪ್ರಕಟವಾದ ಸಂಗತಿ ಇದು. ತೊಂದರೆಯೇನೆಂದರೆ ಗಾಳಿ ತಾಗಿದರೆ ನಿಮ್ಮ ಟ್ಯೂಬಿನಲ್ಲೂ ಅದೇ ಮರುಬದಲಾವಣೆ ನಡೆದು "ಏನೂ ಆಗಿಲ್ಲ" ಎಂಬ ಫಲಿತಾಂಶ ಬರುತ್ತದೆ. ಭೇದಿಗೆ ಕೊಡುವ ಸೋನಾಮುಖಿಯ ಸೆನೊಸೈಡ್‌ಗಳದ್ದೂ ಇದೇ ಪಾಡು: ಬ್ಯಾಕ್ಟೀರಿಯಾ ಅದರ ಸಕ್ಕರೆ ಕಳಚಿ ಕೊನೆಗೆ ಮಾಡುವ ರೈನ್ ಆಂಥ್ರೋನ್‌ನಿಂದಲೇ ಭೇದಿಯಾಗುವುದು, ಅದೂ ಗಾಳಿಯಲ್ಲಿ ನಿಲ್ಲುವುದಿಲ್ಲ. ಮಾದರಿಯನ್ನು ಅನೇರೋಬಿಕ್ ಚೇಂಬರಿನೊಳಗೇ (ಆಕ್ಸಿಜನ್ ಇಲ್ಲದ ಮುಚ್ಚಿದ ಪೆಟ್ಟಿಗೆ) ತೆಗೆದು, ಆಕ್ಸಿಜನ್ ತೆಗೆದ ತಣ್ಣನೆ ಮೆಥನಾಲನ್ನು ಅಷ್ಟೇ ಪ್ರಮಾಣದಲ್ಲಿ ಬೆರೆಸಿ, ಮುಚ್ಚಿ, ಆಮೇಲೆ ಹೊರತನ್ನಿ. ಅಳತೆ ಅಂದೇ ಆದರೆ ಒಳ್ಳೆಯದು.

ಕಷಾಯಗಳಲ್ಲಿ ಇನ್ನೊಂದು ಮೋಸವಿದೆ. ಬಿಸಿನೀರಿನ ಸಾರದಲ್ಲಿ ಸಕ್ಕರೆ, ಪಿಷ್ಟ ಧಾರಾಳ. ಅದನ್ನು ತಿಂದು ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದರೆ ಕೀರ್ತಿ ಮೂಲಿಕೆಗೆ ಹೋಗುತ್ತದೆ! ಸಾರದಲ್ಲಿರುವಷ್ಟೇ ಸಕ್ಕರೆ ಹಾಕಿದ ಬಾಟಲಿ ಇಡಿ, ಪಿಎಚ್ ಬರೆದಿಡಿ. ಬಣ್ಣದ ಸಾರಗಳಲ್ಲಿ 600 ನ್ಯಾನೋಮೀಟರ್ ಬೆಳಕಿನಲ್ಲಿ ಮಬ್ಬು ನೋಡಿ ಬೆಳವಣಿಗೆ ಅಳೆಯುವುದನ್ನು ನಂಬಬೇಡಿ. ತ್ರಿಫಲದ ಟ್ಯಾನಿನ್ (ಒಗರಿನ ಅಂಶ) ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರನ್ನೇ ನಿಲ್ಲಿಸುತ್ತದೆ: ಗಸಿಯನ್ನು ಎರಡು ಸಲ ತೊಳೆಯಿರಿ, ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿಯೂ ಒಮ್ಮೆ ಓಡಿಸಿ.

ಹಲವರ ಮಾದರಿಗಳನ್ನು ಒಟ್ಟಿಗೆ ಕಲಸುವುದು ನನಗೆ ಒಪ್ಪಿಗೆಯಿಲ್ಲ. ಅಳಲೆಕಾಯಿ, ದಾಳಿಂಬೆ ಸಿಪ್ಪೆಯ ಎಲಾಜಿಟ್ಯಾನಿನ್ ಎಂಬ ಟ್ಯಾನಿನ್‌ಗಳಿಂದ ಯುರೋಲಿಥಿನ್ ಎಂಬ ಹೊಸ ವಸ್ತು ಮಾಡುವ ಗಾರ್ಡೋನಿಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಒಂದೇ ಸಮ ಇರುವುದಿಲ್ಲ; ಕೆಲವರಲ್ಲಿ ಯುರೋಲಿಥಿನ್ ಹುಟ್ಟುವುದೇ ಇಲ್ಲ. ಕಲಸಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಒಬ್ಬೊಬ್ಬರದ್ದೂ ಬೇರೆ ಬಾಟಲಿ, ಒಬ್ಬೊಬ್ಬರಿಗೂ ಮೂರು ಪ್ರತಿ. ಯುರೋಲಿಥಿನ್ ನಿಧಾನಕ್ಕೆ ಬರುವಂಥದ್ದು, 24 ಗಂಟೆಗೆ ನಿಲ್ಲಿಸದೆ 48, 72ರಲ್ಲೂ ತೆಗೆಯಿರಿ.