ರಾತ್ರಿ ಶಿರಾಡಿ ಘಾಟಿ ಹತ್ತುವವರಿಗೆ

ಮಂಗಳೂರಿನಿಂದ ಬೆಂಗಳೂರಿಗೆ ಸ್ವಂತ ಕಾರಿನಲ್ಲಿ ಬರುವವರು ಮಧ್ಯಾಹ್ನದ ಊಟಕ್ಕೂ ಮುಂಚೆ ಹೊರಟುಬಿಡಿ. ಘಾಟಿಯ ಬುಡದ ಗುಂಡ್ಯ ತಲುಪುವಾಗ ಕತ್ತಲಾಗಬಾರದು. ಲಾರಿಗಳ ಹಿಂದೆ ತೆವಳೋದು, ತಿರುವು, ಜಾಮ್ ಎಲ್ಲಾ ನನಗೆ ಮಾಮೂಲು. ಈ ಸಲ ರಾತ್ರಿ ಹತ್ತುವಾಗ ಎದುರಿನ ಗಾಡಿಗಳ ಕಣ್ಣಿಗೆ ರಾಚುವ ಲೈಟ್ ಮಾತ್ರ ತಡೆಯೋಕಾಗಲಿಲ್ಲ.

ಲಾರಿಯವರದೇ ಕಾಟ ಇರುತ್ತೆ ಅಂದುಕೊಂಡಿದ್ದೆ. ಪಾಪ, ಅವರಲ್ಲಿ ಹೆಚ್ಚಿನವರು ಡಿಮ್ ಮಾಡಿದರು. ಗೋಳು ಹೊಯ್ದುಕೊಂಡವರು ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬ್ ಕಿತ್ತು ಅದೇ ಡೂಮಿಗೆ ಎಲ್ಇಡಿ ಹಾಕಿಸಿಕೊಂಡ ಕಾರಿನವರು. ಆ ಡೂಮ್ ಎಲ್ಇಡಿಗೆ ಮಾಡಿದ್ದಲ್ಲ. ಹಾಗಾಗಿ ಬೆಳಕು ಚದುರಿ, ಡಿಮ್ ಮಾಡಿದರೂ ಎದುರಿನವನ ಮುಖಕ್ಕೇ ಬರುತ್ತೆ. 2024ರಲ್ಲಿ ಪೊಲೀಸರು ಇಂಥವರ ಮೇಲೆ ರಾಜ್ಯದಲ್ಲೆಲ್ಲ ಕೇಸ್ ಹಾಕಿದ್ದೇನೋ ಹೌದು. ಘಾಟಿಯ ತಿರುವಲ್ಲಿ ನಿಂತು ಹಿಡಿಯೋರು ಯಾರು? ಮೇಲಿಂದ ಮಳೆ ಬೇರೆ. ಒದ್ದೆ ರಸ್ತೆ ಫಳಫಳ ಹೊಳೆಯುತ್ತಿತ್ತು, ಅಂಚು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಸಾಕಪ್ಪಾ ಅಂತ ಸಕಲೇಶಪುರದಲ್ಲೇ ಉಳಿದೆವು. ಲಾಡ್ಜಿನ ರೂಮಿಗೆ 2,600 ರೂಪಾಯಿ. ಕಿಟಕಿಯ ಎದುರಿಗೇ ಅವರ ಬೋರ್ಡಿನ ಫ್ಲಡ್ ಲೈಟ್, ಕರ್ಟನ್ ಒಂದು ಗೇಣು ಗಿಡ್ಡ. ಆರಿಸಿ ಅಂದರೆ ಹುಡುಗ, "ಆಟೋಮ್ಯಾಟಿಕ್ ಸಾರ್, ಬೆಳಗಾದ್ರೆ ಅದೇ ಆಫ್ ಆಗುತ್ತೆ" ಅಂದ! ದುಡ್ಡು ಕೊಡುವ ಮೊದಲು ರೂಮಿನ ದೀಪ ಆರಿಸಿ ನೋಡಿ.

ಬೆಳಗ್ಗೆ ಬಸ್ ಸ್ಟಾಂಡ್ ಹತ್ತಿರದ ಪುಟ್ಟ ಹೋಟೆಲ್ ಮಾತ್ರ ಎಲ್ಲ ಸಿಟ್ಟನ್ನೂ ಇಳಿಸಿತು. ನಾಲ್ಕೇ ಬೆಂಚು, ನಿಂತು ತಿನ್ನುವವರೇ ಜಾಸ್ತಿ. ಹಬೆಯಾಡುವ ಕಡುಬು, ಖಾರ ಜೋರಾಗಿದ್ದ ಕಾಯಿ ಚಟ್ನಿ. ಅಕ್ಕಿ ರೊಟ್ಟಿ ಅಂಚಲ್ಲಿ ಗರಿ, ನಡುವೆ ಮೆತ್ತಗೆ. ಜೊತೆಗೆ ಎಣ್ಣೆಗಾಯಿ. ಹೋಟೆಲಿನ ಅಕ್ಕ ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಇಬ್ಬರು ಹೊಟ್ಟೆ ಬಿರಿಯ ತಿಂದು ಕಾಫಿ ಕುಡಿದರೂ ಇನ್ನೂರು ದಾಟಲಿಲ್ಲ.

ಪಕ್ಕದಲ್ಲಿ ಕೂತಿದ್ದ ಲಾರಿ ಡ್ರೈವರ್ ಒಬ್ಬರು ಹೇಳಿದ್ದು ಉಪಯೋಗಕ್ಕೆ ಬರುತ್ತೆ. "ಎದುರು ಲೈಟ್ ಬಂದಾಗ ಅದನ್ನ ನೋಡಲೇಬೇಡಿ ಸಾರ್. ಸ್ಪೀಡ್ ಇಳಿಸಿ, ಎಡಗಡೆ ಬಿಳಿ ಗೆರೆ ಹಿಡ್ಕೊಂಡು ಹೋಗಿ. ಗಾಜನ್ನ ಒಳಗಿಂದಾನೂ ಒರೆಸ್ಕೊಳಿ." ನಮ್ಮ ಗಾಜಿನ ಒಳಗೆ ಬೆರಳಾಡಿಸಿದೆ, ಜಿಡ್ಡು! ನ್ಯೂಸ್ ಪೇಪರ್ ಒದ್ದೆ ಮಾಡಿ ಉಜ್ಜಿದ ಮೇಲೆ ಎಷ್ಟೋ ವಾಸಿ.

ಹಾಸನದಿಂದಾಚೆ ಡಿವೈಡರ್ ಇದೆ. ಅದರ ಮೇಲೆ ಗಿಡ ದಟ್ಟವಾಗಿರುವ ಕಡೆ ಎದುರಿನ ಬೆಳಕಿನ ಕಾಟ ಕಡಿಮೆ. ಆದರೆ ದಾರಿ ಪೂರ್ವಕ್ಕೆ, ಬೆಳಗ್ಗೆ ಏಳಕ್ಕೇ ಹೊರಟರೆ ಬಿಸಿಲು ನೇರ ಮುಖಕ್ಕೆ. ನಿಧಾನವಾಗಿ ಕಡುಬು ತಿಂದು ಒಂಬತ್ತರ ಮೇಲೆ ಹೊರಡಿ.